ಮರಿಸ್ವಾಮಿ ಮೇಷ್ಟ್ರ ಕರೆಕ್ಷನ್ ದಂಡಯಾತ್ರೆ

ಕನ್ನಂಬಾಡಿ ಕಟ್ಟೆಯಿಂದ ಬಿಟ್ಟ ನೀರು ಹೊತ್ತು ಮುಳುಗುವುದರೊಳಗೆ ಗಂಜಾಂ ಮುಟ್ಟುತ್ತದೆ. ಅಲ್ಲಿಂದ ಹೊರಟು ಎಂದೋ ಒಂದು ದಿನ ಸಮುದ್ರ ಸೇರಿ, ಆವಿಯಾಗಿ, ಮೋಡವಾಗಿ, ಕೊಡಗಿನ ಮೇಲೆ ಸುರಿದು ಮತ್ತೆ ಅದೇ ಕಟ್ಟೆಗೆ ವಾಪಸು ಬರುತ್ತದೆ. ಆದರೆ ಗಂಜಾಮಿನ ಮರಿಸ್ವಾಮಿ ಮೇಷ್ಟ್ರ ಕೈ ಸೇರಿದ ವಿದ್ಯಾರ್ಥಿಯ ಬರಹ ವಾಪಸು ಬಂದದ್ದನ್ನು ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಕಣ್ಣಾರೆ ಕಂಡವರು ಯಾರೂ ಇರಲಿಲ್ಲ.

ಮೇಷ್ಟ್ರು ಇತಿಹಾಸದ ಪ್ರೊಫೆಸರು. ಆ ಸೀಮೆಯ ಒಂದು ಕಾಲೇಜಿನ ಎಂ.ಎ. ವಿಭಾಗಕ್ಕೆ ತಲೆ ತುಂಬ ಕೂದಲಿದ್ದಾಗ ಸೇರಿ, ಒಂದೂ ಇಲ್ಲದಾಗ ನಿವೃತ್ತರಾದವರು. ಅಸೈನ್‌ಮೆಂಟ್ ಆಗಲಿ, ಕೊನೆಯ ವರ್ಷದ ಕಿರುಪ್ರಬಂಧವಾಗಲಿ, ತಂದು ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೆ ಒತ್ತಿಕೊಂಡು, "ನಿಧಾನವಾಗಿ ನೋಡೋಣ" ಎಂದು ಬ್ಯಾಗಿನೊಳಕ್ಕೆ ಇಳಿಸುತ್ತಿದ್ದರು. ಇಳಿದದ್ದು ಇಳಿದಂತೆಯೇ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಜನ ಸೋಮಾರಿ ಎಂದು ಒಂದೇ ಪದದಲ್ಲಿ ಮುಗಿಸುತ್ತಿದ್ದರು. ಮೇಷ್ಟ್ರಿಗೆ ಎತ್ತರದ ನಿಲುವು, ಗಂಟಲಲ್ಲಿ ಗುಡುಗು, ಹಣೆಯ ಮೇಲೆ ಆಳವಾದ ಗೆರೆಗಳು ಇದ್ದುದರಿಂದ ಅದಕ್ಕೊಂದು ಪುರಾಣವೇ ಬೇಕಾಯಿತು.

ಪುರಾಣ ಹೀಗಿತ್ತು. ಮೇಷ್ಟ್ರು ಎಲ್ಲವನ್ನೂ ಕೊಟ್ಟ ದಿನವೇ ಓದುತ್ತಾರೆ. ಒಂದೇ ಪಟ್ಟಿಗೆ ಕೂತು ಓದಿ, ತಪ್ಪುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು, ವಿದ್ಯಾರ್ಥಿ ಆ ಮಾತುಗಳನ್ನು ತಾಳಿಕೊಳ್ಳುವಷ್ಟು ಗಟ್ಟಿಯಾಗುವ ತನಕ ಕಾಯುತ್ತಾರೆ. ಒಬ್ಬನಿಗೆ ಮದುವೆಯಾದ ಮೇಲೆ, ಇನ್ನೊಬ್ಬನಿಗೆ ಗಡ್ಡ ನೆರೆತ ಮೇಲೆ, ಅವರವರ ಹಣೆಬರಹಕ್ಕೆ ತಕ್ಕ ಹಾಗೆ. ಚಿನಕುರಳಿ ಕಡೆಯ ಒಬ್ಬ ಹಳೇ ವಿದ್ಯಾರ್ಥಿ ತೀರಿಕೊಂಡಾಗ ಮೇಷ್ಟ್ರು ಹನ್ನೊಂದನೇ ದಿನದ ಊಟಕ್ಕೆ ಹೋಗಿ, ಪಾಯಸ ಬಡಿಸುವ ಹೊತ್ತಿಗೆ ಬ್ಯಾಗಿನಿಂದ ಅವನ ಪ್ರಬಂಧ ತೆಗೆದು ಹೆಂಡತಿಯ ಕೈಗಿಟ್ಟರಂತೆ. ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ "ಜೀವ ಸಾಲದು" ಎಂದು ಬರೆದಿತ್ತಂತೆ. ಕಂಡವರಿರಲಿಲ್ಲ, ಹೇಳುವವರಿಗೆ ಕೊರತೆಯಿರಲಿಲ್ಲ.

ಈ ಪುರಾಣವನ್ನು ಅಕ್ಷರ ಅಕ್ಷರವೂ ನಂಬಿದವಳು ಪ್ರಮೀಳಾ. ನಂಬಿ ಕೆಟ್ಟವಳೂ ಅವಳೊಬ್ಬಳೇ.

ಎಂ.ಎ. ಓದುವಾಗ ಅವಳ ಜೊತೆಯವರೆಲ್ಲ ಬಲು ಬೇಗ ಒಂದು ಉಪಾಯ ಕಂಡುಕೊಂಡಿದ್ದರು. ಕಿರುಪ್ರಬಂಧ ಸಲ್ಲಿಸಲು ಮಾರ್ಗದರ್ಶಕರ ಸಹಿ ಬೇಕಿತ್ತು, ಅಭಿಪ್ರಾಯ ಬೇಕಿರಲಿಲ್ಲ. ಮೇಷ್ಟ್ರು ತಿಂಡಿ ತಿಂದು ಕೈ ಒರೆಸಿಕೊಳ್ಳುವ ಗಳಿಗೆ ನೋಡಿ ಸಹಿಯ ಪುಟ ಮುಂದೆ ಚಾಚಿದರೆ ಸಾಕು, ಪೆನ್ನು ತಾನಾಗಿ ಓಡುತ್ತಿತ್ತು. ಎಲ್ಲರೂ ಹಾಗೆ ಪಾಸಾದರು. ಪ್ರಮೀಳಾ ಮಾತ್ರ, ಮೇಷ್ಟ್ರು ಮೊದಲು ಓದಲಿ, ಸಹಿ ಆಮೇಲೆ ಎಂದು ಕೂತಳು.

"ಸೈನ್ ಹಾಕಿಸ್ಕೊಂಡು ಓಗಮ್ಮ ತಾಯಿ, ಓದೋದು ಗೀದೋದು ಆಮೇಲೆ" ಎಂದು ಸಹಪಾಠಿ ಮೋಹನ್ ಕುಮಾರ್ ಆಗಲೇ ತಲೆ ಚಚ್ಚಿಕೊಂಡಿದ್ದ.

"ಓದ್ದೆ ಸೈನ್ ಆಕುದ್ರೆ ಅದು ಸೈನಾ ಮೋಹನ? ಚೆನ್ನಾಗದೋ ಇಲ್ವೋ ನಂಗೆ ಗೊತ್ತಾಗ್ಬ್ಯಾಡ್ವಾ?"

ಗೊತ್ತಾಗಲೇಬೇಕೆಂದು ಅವಳಿಗೆ ಅನ್ನಿಸಲು ಕಾರಣವಿತ್ತು. ಜೊತೆಯವರೆಲ್ಲ ಹಿಂದಿನ ವರ್ಷದವರ ಪ್ರಬಂಧಗಳಿಗೆ ಹೊಸ ರಟ್ಟು ಹೊದಿಸುತ್ತಿದ್ದಾಗ, ಅವಳು ಕಿಕ್ಕೇರಿ ಸುತ್ತಲಿನ ಕೆರೆ ಏರಿಗಳ ಮೇಲೆ ಬಿಸಿಲಲ್ಲಿ ಅಲೆದು ನೀರುಗಂಟಿಗಳ ಮೇಲೆ ಬರೆದಿದ್ದಳು. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಸರದಿ ಪ್ರಕಾರ ನೀರು ಬಿಡುತ್ತಿದ್ದವರು ಅವರು. ಮನಸ್ಸಿಟ್ಟು ಬರೆದವರಿಗೆ ಮಾತ್ರ ಬರುವ ಒಂದು ಕಾಯಿಲೆ ಇದೆ: ಓದಿದವರ ಬಾಯಿಂದ ಒಂದು ಮಾತು ಕೇಳುವವರೆಗೆ ಅನ್ನ ಸೇರುವುದಿಲ್ಲ.

ಸಮಸ್ಯೆಯೆಂದರೆ, ನಮ್ಮ ಕಡೆ ಮೇಷ್ಟ್ರನ್ನು "ಓದಿದ್ರಾ?" ಎಂದು ನೇರವಾಗಿ ಕೇಳುವ ಪದ್ಧತಿಯಿಲ್ಲ. ಅದು ಅಧಿಕಪ್ರಸಂಗ. ಕೇಳಬೇಕಾದವರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು "ತಿಂಡಿ ಆಯ್ತಾ ಸಾರ್?" ಎನ್ನಬೇಕು, ಮರ್ಯಾದಸ್ಥ ಮೇಷ್ಟ್ರಾದರೆ ಅದರಲ್ಲೇ ಅರ್ಥಮಾಡಿಕೊಳ್ಳಬೇಕು. ಪ್ರಮೀಳಾ ಇಡೀ ಒಂದು ಚಳಿಗಾಲ, ಇಡೀ ಒಂದು ಬೇಸಿಗೆ ಅವರ ತಿಂಡಿ ವಿಚಾರಿಸಿದಳು. ಮೇಷ್ಟ್ರು ಪ್ರತಿಸಲವೂ ಸಂತೋಷದಿಂದ ಏನೇನು ತಿಂದೆ ಎಂದು ಹೇಳಿ ಕಳುಹಿಸಿದರು. ಅವರ ಮನೆಯಲ್ಲಿ ಯಾವ ವಾರ ಇಡ್ಲಿ, ಯಾವ ವಾರ ಅಕ್ಕಿರೊಟ್ಟಿ ಎಂಬುದು ಅವಳಿಗೆ ಕರಗತವಾಯಿತು. ಸಲ್ಲಿಸುವ ದಿನ ಬಂತು, ಹೋಯಿತು. ಪ್ರಬಂಧ ಬ್ಯಾಗಿನಲ್ಲೇ ಇತ್ತು.

ಅಷ್ಟರಲ್ಲಿ ಅವಳು ತಾನೇ ಒಂದು ತೀರ್ಮಾನಕ್ಕೆ ಬಂದಿದ್ದಳು. ಮೇಷ್ಟ್ರು ಓದಿದ್ದಾರೆ. ಓದಿ, ಹೇಳುವುದಕ್ಕೂ ಲಾಯಕ್ಕಿಲ್ಲ ಎಂದು ಸುಮ್ಮನಿದ್ದಾರೆ. ಬೈಯುವುದಾದರೂ ಬೈದಾರು ಎಂದು ಕಾದವಳಿಗೆ ಆ ಮೌನವೇ ತೀರ್ಪಿನ ಹಾಗೆ ಕಂಡಿತು. ಮುಂದಿನ ವರ್ಷ ಸಲ್ಲಿಸಬಹುದಿತ್ತು. ಅಷ್ಟು ಕೆಟ್ಟದ್ದನ್ನು ಯಾಕೆ ಸಲ್ಲಿಸಬೇಕು ಎಂದು ಬಿಟ್ಟಳು. ಕಿಕ್ಕೇರಿ ಪಕ್ಕದ ಹಳ್ಳಿಗೆ ಮದುವೆಯಾಗಿ ಹೋದಳು. ಮಗಳು ಹುಟ್ಟಿದಳು. ಆ ಮಗಳು ಈಗ ಹೈಸ್ಕೂಲಿನಲ್ಲಿ ಇತಿಹಾಸ ಓದುತ್ತಿದ್ದಾಳೆ, ಅಮ್ಮನನ್ನು ಏನೂ ಕೇಳುವುದಿಲ್ಲ. ಕೇಳಿದರೆ "ನಂಗೊತ್ತಿಲ್ಲ ಓಗು" ಎಂಬ ಉತ್ತರ ಬರುತ್ತದೆಂದು ಅವಳಿಗೆ ಗೊತ್ತು.

ಪ್ರಮೀಳಾ ಆ ಊರಿನ ಹಾಲಿನ ಡೈರಿಯ ಸೆಕ್ರೆಟರಿಯಾದಳು. ಅಲ್ಲಿ ಅವಳ ನಿಜವಾದ ಪ್ರತಿಭೆ ಅರಳಿತು. ಹಾಲು ತಂದವರು ಕ್ಯಾನಿನ ಮುಚ್ಚಳ ತೆಗೆದು ಉಸಿರು ಬಿಡುವುದರೊಳಗೆ ತೀರ್ಪು. ನಾಳೆ ನೋಡೋಣ ಎಂಬುದಿಲ್ಲ, ಪಕ್ಕಕ್ಕೆ ಕರೆದು ಪಿಸುಗುಟ್ಟುವುದಿಲ್ಲ. ಲ್ಯಾಕ್ಟೋಮೀಟರ್ ಮುಳುಗಿದಷ್ಟೂ ಅವಳ ದನಿ ಏರುತ್ತಿತ್ತು.

"ಮಾರಮ್ಮೋ, ಇದ್ಕೆ ಬೆರ್ಸಿರೋದು ನಲ್ಲಿ ನೀರಾ, ಬೋರ್ ನೀರಾ? ನಲ್ಲಿ ನೀರಾದ್ರೆ ಕ್ಲೋರಿನ್ ವಾಸ್ನೆ ಬತ್ತದೆ, ನಾಳಿಕ್ಕೆ ಬೋರ್‌ದೇ ಆಕು."

ಸಾಲಿನಲ್ಲಿದ್ದವರು ನಗುತ್ತಿದ್ದರು, ತಮ್ಮ ಸರದಿ ಬರುವ ತನಕ. ಅತ್ತೆ ದ್ಯಾವಮ್ಮನ ಹಾಲನ್ನೂ ಅವಳು ಬಿಡಲಿಲ್ಲ. ಒಂದು ಸಂಜೆ ಎಲ್ಲರೆದುರು ಅತ್ತೆಯ ಕ್ಯಾನನ್ನು ವಾಪಸು ತಳ್ಳಿ, "ಈ ಹಸ ಹಾಲ್ ಕೊಟ್ಟದೋ, ಹಾಲ್ ತೊಳೆದ ನೀರ್ ಕೊಟ್ಟದೋ ಕೇಳ್ಕಂಡ್ ಬಾ ಅತ್ತೆ" ಎಂದುಬಿಟ್ಟಳು. ಅಂದಿನಿಂದ ದ್ಯಾವಮ್ಮ ಸೊಸೆಗೆ ಯಾರಾದರೂ ಹೀಗೇ ಬೀದಿಯಲ್ಲಿ ನಿಲ್ಲಿಸಿ ಹೇಳುವ ದಿನ ಬರಲೆಂದು ಮನೆದೇವರಿಗೆ ದೀಪ ಹಚ್ಚುತ್ತಿದ್ದಳು. ದೇವರು ಅವಳ ಮೊರೆ ಕೇಳಿದ್ದು ಮರಿಸ್ವಾಮಿ ಮೇಷ್ಟ್ರ ರೂಪದಲ್ಲಿ.

ಮೇಷ್ಟ್ರ ಕೊನೆಯ ವರ್ಷ ಕಾಲೇಜಿಗೆ ಒಂದು ಸುತ್ತೋಲೆ ಬಂದಿತ್ತು. ವಿದ್ಯಾರ್ಥಿಗಳ ಬರಹಕ್ಕೆ ಸಕಾಲಿಕವಾಗಿ, ರಚನಾತ್ಮಕವಾಗಿ ಅಭಿಪ್ರಾಯ ನೀಡತಕ್ಕದ್ದು. ಮೊದಲು ಗುಣ ಹೇಳಿ, ಆಮೇಲೆ ದೋಷ ಹೇಳಿ, ಕೊನೆಗೆ ಮುಂದಿನ ದಾರಿ ತೋರತಕ್ಕದ್ದು. ಇದರಲ್ಲಿ ಸಕಾಲಿಕ ಎಂಬ ಪದದ ಮೇಲೆ ಮೇಷ್ಟ್ರ ಕಣ್ಣು ಬೀಳಲಿಲ್ಲ. ರಚನಾತ್ಮಕ ಎಂಬುದು ಮಾತ್ರ ಎದೆಗೆ ನಾಟಿತು. ನಿವೃತ್ತರಾದ ಮೇಲೆ ಅವರು ತಮ್ಮ ಬಳಿ ಉಳಿದಿದ್ದ ಬರಹಗಳನ್ನೆಲ್ಲ ಒಂದು ಗೊಬ್ಬರದ ಚೀಲಕ್ಕೆ ತುಂಬಿ, ಎಕ್ಸೆಲ್ ಮೊಪೆಡ್ಡಿನ ಹಿಂದೆ ಕಟ್ಟಿ, ಮಂಕಿ ಟೋಪಿಯ ಮೇಲೆ ಹೆಲ್ಮೆಟ್ ಧರಿಸಿ ಹೊರಟರು. ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕಲು ಕೆಲವರಾದರೂ ಮುಂದೆ ಬರುತ್ತಿದ್ದರು. ಈ ಮೊಪೆಡ್ಡಿನ ಸದ್ದು ಕೇಳಿದರೆ ಪದವೀಧರರು ಹಿತ್ತಲ ಬಾಗಿಲು ಹುಡುಕಿದರು.

ಮೊದಲ ಬಲಿ ಮನೆಯ ಹತ್ತಿರವೇ, ನಿಮಿಷಾಂಬ ಗುಡಿಯ ದಾರಿಯಲ್ಲಿ ಹಣ್ಣುಕಾಯಿ ಅಂಗಡಿಯಿಟ್ಟಿದ್ದ ಶ್ರೀನಿವಾಸ. ಭಕ್ತರು ನಿಂಬೆಹಣ್ಣಿನ ಹಾರ ಆರಿಸುತ್ತಿದ್ದಾಗ ಮೇಷ್ಟ್ರು ಬಂದು ನಿಂತರು. "ಶೀನಿ, ನಿನ್ನ ಅಕ್ಷರ ದುಂಡಗಿದೆ. ಆದರೆ ನಿನ್ನ ಪ್ರಬಂಧದಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ಬಾಗಿಲೇ ಇಲ್ಲ. ಒಳಗಿದ್ದವರು ಹೊರಗೆ ಹೇಗೆ ಬಂದರು? ಹಾರಿಕೊಂಡಾ? ಮುಂದಿನ ದಾರಿ: ಒಂದು ಸಲ ಹೋಗಿ ಕೋಟೆ ನೋಡು. ಇಲ್ಲೇ ಇದೆ." ಹಾರ ಆರಿಸುತ್ತಿದ್ದ ಹೆಂಗಸು ಪಕ್ಕದ ಅಂಗಡಿಗೆ ಹೋದಳು.

ಪಾಂಡವಪುರದ ಸುದ್ದಿಯನ್ನು ಪ್ರಮೀಳಾಳಿಗೆ ಮುಟ್ಟಿಸಿದವನು ಮೋಹನ್ ಕುಮಾರನೇ. ಅವನೀಗ ಅಲ್ಲಿನ ಒಂದು ಕಾಲೇಜಿನಲ್ಲಿ ಲೆಕ್ಚರರ್. ಫೋನು ಬಂದಾಗ ಅವಳು ಡೈರಿಯ ಜಗುಲಿಯಲ್ಲಿ ಕ್ಯಾನ್ ತೊಳೆಯುತ್ತಿದ್ದಳು. ಕೈ ಒದ್ದೆಯೆಂದು ಸ್ಪೀಕರಿಗೆ ಹಾಕಿದಳು. ಒಳಗೆ ಹಿಂಡಿ ಚೀಲದ ಮೇಲೆ ಅತ್ತೆ ಕೂತಿದ್ದನ್ನು ಮರೆತಿದ್ದಳು.

"ನನ್ ಮಾನ ಕಳೆದ್ಬುಟ್ರು ಕಣಮ್ಮ ಪ್ರಮೀಳಾ. ಕ್ಲಾಸಿಗೇ ಬಂದ್ಬುಟ್ರು."

"ಯಾರೋ?"

"ಇನ್ಯಾರು, ಮೇಷ್ಟ್ರು! ನಾನು ಹುಡುಗ್ರಿಗೆ ಬೈತಾ ಇದ್ದೆ, ಅಸೈನ್‌ಮೆಂಟ್ ಟೈಮಿಗೆ ಸರಿಯಾಗಿ ಕೊಡದೋರು ಬದುಕಲ್ಲಿ ಉದ್ಧಾರ ಆಗಲ್ಲ ಅಂತ. ಸರಿಯಾಗಿ ಅದೇ ಹೊತ್ಗೆ ಬಾಗ್ಲಲ್ಲಿ ಗೊಬ್ಬರದ ಚೀಲ ಕಾಣಿಸ್ತು. ಹುಡುಗ್ರೆಲ್ಲ ಎದ್ ನಿಂತ್ರು. ಮೇಷ್ಟ್ರು ಬೋರ್ಡ್ ಮುಂದೆ ನಿಂತ್ಕೊಂಡು ನನ್ ಪ್ರಬಂಧ ಎತ್ತಿ ತೋರಿಸಿ, 'ಬೈಂಡಿಂಗ್ ಗಟ್ಟಿಯಾಗಿದೆ' ಅಂದ್ರು."

"ಪರ್ವಾಗಿಲ್ವಲ್ಲ."

"ನಾನೂ ಅಂಗೇ ಅಂದ್ಕಂಡು ನಗ್ತಾ ನಿಂತೆ. ಆಮೇಲೆ, 'ಇಷ್ಟು ಗಟ್ಟಿಯಾಗಿ ಕಟ್ಟಿರೋದು ಯಾಕೆ ಅಂದ್ರೆ ಒಳಗಿರೋದನ್ನ ಯಾರೂ ಬಿಚ್ಚಿ ನೋಡಬಾರ್ದು ಅಂತ' ಅಂದ್ರು. ಪೀಠಿಕೆನೇ ಕೊನೆಗೂ ಟೈಪ್ ಮಾಡ್ಸಿ ಉಪಸಂಹಾರ ಅಂತ ಹೆಸರು ಇಟ್ಟಿದ್ನಲ್ಲ, ಅದನ್ನ ಎರಡು ಸಲ ಓದಿ ತೋರ್ಸುದ್ರು. ಹುಡುಗ್ರು ಚಪ್ಪಾಳೆ ಹೊಡೆದ್ರು ಕಣಮ್ಮ! ನನ್ ಪಾಠಕ್ಕೆ ಒಂದಿನ ಹೊಡೆದಿಲ್ಲ."

ಪ್ರಮೀಳಾ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಕ್ಯಾನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು. ಸಹಿ ಹಾಕಿಸಿಕೊಂಡು ಓಡಿಹೋದವರನ್ನೆಲ್ಲ ವಿಧಿ ಅಟ್ಟಿಸಿಕೊಂಡು ಬಂದು ಕಿವಿ ಹಿಂಡುತ್ತಿತ್ತು. ಆ ಸುಖವನ್ನು ಅವಳು ಬಚ್ಚಿಟ್ಟುಕೊಳ್ಳಲಿಲ್ಲ. ಅದೇ ಫೋನಿನಲ್ಲಿ ನಾಗಮಂಗಲದ ಸುದ್ದಿಯೂ ಬಂದಾಗಲಂತೂ ಮೋಹನನಿಂದ ಮತ್ತೆ ಮತ್ತೆ ಹೇಳಿಸಿ ಕೇಳಿದಳು.

ನಾಗಮಂಗಲದಲ್ಲಿ ನಿಂಗರಾಜು ಪುಡಾರಿಯಾಗಿದ್ದ. ಅವನ ಹುಟ್ಟುಹಬ್ಬದ ಸನ್ಮಾನ ಸಮಾರಂಭ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲ ಮುಗಿದು ಅಭಿನಂದನೆಯ ಮಾತುಗಳು ನಡೆಯುತ್ತಿದ್ದಾಗ ಪೆಂಡಾಲಿನ ಕೊನೆಯಲ್ಲಿ ಮೇಷ್ಟ್ರು ಕಾಣಿಸಿಕೊಂಡರು. ನಿಂಗರಾಜು ತಾನೇ ಓಡಿಹೋಗಿ ಕಾಲಿಗೆ ಬಿದ್ದು, "ಇವ್ರೇ ನನ್ನ ಗುರುಗಳು" ಎಂದು ವೇದಿಕೆಗೆ ಹತ್ತಿಸಿ ಮೈಕು ಕೈಗೆ ಕೊಟ್ಟ. ಮೈಕು ಕೈಗೆ ಕೊಟ್ಟದ್ದು ಅವನೇ ಎಂಬುದನ್ನು ಪ್ರಮೀಳಾ ವಿಶೇಷವಾಗಿ ಸವಿದಳು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಈ ಕಿರುಪ್ರಬಂಧದಲ್ಲಿ ನಿಂಗರಾಜು ಬರೆದಿರುವುದು ಮೊದಲ ಪುಟದಲ್ಲಿರುವ ತನ್ನ ಹೆಸರು. ಅದು ಚೆನ್ನಾಗಿದೆ. ಉಳಿದದ್ದು ಹಿಂದಿನ ವರ್ಷದ ರಂಗಸ್ವಾಮಿಯದು. ಅದು ಅವನು ಬರೆದಾಗಲೂ ಚೆನ್ನಾಗಿರಲಿಲ್ಲ. ಮುಂದಿನ ದಾರಿ: ಇನ್ನು ಮೇಲೆ ಕದಿಯುವುದಾದರೆ ಒಳ್ಳೆಯದನ್ನು ಕದಿಯತಕ್ಕದ್ದು." ಜನ ಅದನ್ನು ರಾಜಕೀಯ ಭಾಷಣವೆಂದು ತಿಳಿದು ಶಿಳ್ಳೆ ಹಾಕಿದರು. ವಿರೋಧಿ ಬಣದವರು ಮೇಷ್ಟ್ರಿಗೆ ಊಟ ಹಾಕಿ ಕಳುಹಿಸಿದರು.

"ಇನ್ನೇನ್ ಉಳ್ದಿಲ್ಲ ಕಣಮ್ಮ" ಎಂದ ಮೋಹನ. "ಚೀಲ ಖಾಲಿ. ಒಂದೇ ಒಂದು ಉಳ್ದದಂತೆ. ಕ್ಯಾರ್‌ಪೇಟೆ ಕಡೇದು ಅಂದ್ರಂತೆ."

ಪ್ರಮೀಳಾಳ ನಗು ನಿಂತಿತು. "ನನ್ದಾ?"

"ಇನ್ಯಾರ್ದು?"

"ಏನಾರ ಅಂದ್ರಾ ಅದ್ರ ಬಗ್ಗೆ?"

"ಏನೂ ಏಳ್ನಿಲ್ವಂತೆ. ನಾಳೆ ಸಾಯಂಕಾಲ ಬತ್ತಾರಂತೆ. ನೀನು ಎಲ್ಲಾದ್ರೂ ನೆಂಟ್ರ ಮನೆಗೆ ಓಗ್ಬುಡು."

ಅವಳು ಹೋಗಲಿಲ್ಲ. ಹೆದರಿಕೆಯಾಗದೆ ಇರಲಿಲ್ಲ. ಆದರೆ ಆ ಹೆದರಿಕೆಯ ಕೆಳಗೆ, ಇಷ್ಟು ವರ್ಷ ಗಾಳಿ ಬೆಳಕಿಲ್ಲದೆ ಕೂತಿದ್ದ ಆ ಹಳೇ ಕಾಯಿಲೆ ಕಣ್ಣುಬಿಟ್ಟಿತು. ಅಷ್ಟು ಕೆಟ್ಟದಾಗಿತ್ತೇ? ಎಲ್ಲಿ ಕೆಟ್ಟಿತ್ತು? ಯಾವ ಪುಟದಲ್ಲಿ? ಬೈದರೆ ಬೈಯಲಿ, ಒಮ್ಮೆ ಗೊತ್ತಾಗಲಿ. ಗೊತ್ತಾದರೆ, ತಾನು ಬಿಟ್ಟದ್ದೇ ಸರಿಯಾಯಿತೆಂದು ಉಳಿದ ಆಯುಷ್ಯ ನೆಮ್ಮದಿಯಿಂದ ಲ್ಯಾಕ್ಟೋಮೀಟರ್ ಮುಳುಗಿಸಿಕೊಂಡಿರಬಹುದು.

ಹಿಂಡಿ ಚೀಲದ ಮೇಲಿದ್ದ ದ್ಯಾವಮ್ಮ ಅಷ್ಟು ಹೊತ್ತಿಗೆ ಎದ್ದು ಬೀದಿಗಿಳಿದಾಗಿತ್ತು.

ಮರುದಿನ ಸಂಜೆ ಡೈರಿಯ ಮುಂದೆ ಊರೇ ನೆರೆದಿತ್ತು. ದಿನಾ ಮಕ್ಕಳ ಕೈಲಿ ಹಾಲು ಕಳುಹಿಸುತ್ತಿದ್ದವರು ತಾವೇ ಬಂದಿದ್ದರು. ಲೋಟದಷ್ಟು ಹಾಲು ತಂದವರಿದ್ದರು. ಬೆಟ್ಟಮ್ಮನ ಹಸು ಹಾಲು ಕೊಡುವುದು ನಿಲ್ಲಿಸಿ ಬಹಳ ದಿನವಾಗಿತ್ತು. ಅವಳು ಖಾಲಿ ಕ್ಯಾನ್ ಹಿಡಿದು ಸಾಲಿನಲ್ಲಿ ಮೂರನೆಯವಳಾಗಿ ನಿಂತಿದ್ದಳು.

"ನಿಂಗೇನವ್ವ ಇಲ್ಲಿ ಕೆಲ್ಸ?" ಎಂದಳು ಪ್ರಮೀಳಾ.

"ಗಾಳಿ ಕುಡಿಯಾಕ್ ಬಂದೆ ಬುಡವ್ವ" ಎಂದಳು ಬೆಟ್ಟಮ್ಮ. "ನಿನ್ ಹಾಲ್ಗೆ ಇವತ್ತು ಯಾರೋ ಮೀಟ್ರು ಬುಡ್ತಾರಂತಲ್ಲ, ನೋಡವಾ ಅಂತ."

ಸಾಲು ಕೊನೆಯವರೆಗೆ ನಕ್ಕಿತು. ದ್ಯಾವಮ್ಮ ಮುಂದುಗಡೆ, ನೆರಳಿನಲ್ಲಿ, ಒಳ್ಳೇ ಸೀರೆಯುಟ್ಟು ಕೂತಿದ್ದಳು.

ಮೊಪೆಡ್ಡಿನ ಸದ್ದು ದೂರದಿಂದಲೇ ಕೇಳಿಸಿತು. ಮೇಷ್ಟ್ರು ಇಳಿದು, ಹೆಲ್ಮೆಟ್ ತೆಗೆದು, ಮಂಕಿ ಟೋಪಿ ತೆಗೆಯದೆ, ಬೆಪ್ಪಾಗಿ ಜನರನ್ನು ನೋಡಿದರು. ಮುದುಕರಾಗಿದ್ದರು. ಗಂಟಲಿನ ಗುಡುಗು ಮಾತ್ರ ಹಾಗೇ ಇತ್ತು.

"ಇಲ್ಲಿ ಪ್ರಮೀಳಾ ಅಂದ್ರೆ ಯಾರಮ್ಮ?"

ಅವಳಿಗೆ ಇದೊಂದು ಹೊಳೆದಿರಲಿಲ್ಲ. ಮೇಷ್ಟ್ರಿಗೆ ಅವಳ ಮುಖದ ಗುರುತೇ ಇರಲಿಲ್ಲ.

"ನಾನೇ ಸಾರ್. ಹಾಲು ಮುಗೀಲಿ ಸಾರ್, ಆಮೇಲೆ..."

"ಹಾಲ್ ಎಲ್ಗೂ ಓಡೋಗಕುಲ್ಲ ಬುಡು" ಎಂದಳು ಮಾರಮ್ಮ. "ಮೇಷ್ಟ್ರು ಬಿಸ್ಲಲ್ಲಿ ಬಂದವ್ರೆ. ಏಳಿ ಸಾಮಿ ನೀವು. ಎಲ್ಲಾರ್ಗೂ ಕೇಳಂಗೆ ಏಳಿ."

ಯಾರೋ ಕ್ಯಾನ್ ಬೋರಲು ಹಾಕಿ ಕೂರಲು ಕೊಟ್ಟರು. ಮೇಷ್ಟ್ರು ಚೀಲದ ತಳಕ್ಕೆ ಕೈಹಾಕಿ ಕಂದುಬಣ್ಣಕ್ಕೆ ತಿರುಗಿದ್ದ ಹಾಳೆಗಳ ಕಟ್ಟನ್ನು ತೆಗೆದರು. ಟ್ವೈನ್ ದಾರದಲ್ಲಿ ಕಟ್ಟಿದ್ದು, ಅವಳೇ ಕಟ್ಟಿದ ಗಂಟು. ಪ್ರಮೀಳಾ ತೂಕದ ಯಂತ್ರ ಹಿಡಿದುಕೊಂಡಳು. ಯಂತ್ರ ಕೀ ಎಂದಿತು.

"ಬೈಂಡಿಂಗ್ ಇಲ್ಲ" ಎಂದರು ಮೇಷ್ಟ್ರು.

ದ್ಯಾವಮ್ಮ ಪಕ್ಕದವಳ ತೊಡೆಗೆ ತಿವಿದಳು. ಶುರುವಾಯಿತು ನೋಡು ಎಂಬ ಹಾಗೆ.

ಮೇಷ್ಟ್ರು ಕನ್ನಡಕ ಏರಿಸಿ ತಾವು ಬರೆದದ್ದನ್ನು ಓದತೊಡಗಿದರು. "ಗುಣಗಳು. ನನ್ನ ಇಡೀ ಸೇವೆಯಲ್ಲಿ ನನ್ನ ಕೈಗೆ ಬಂದ ಬರಹಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಪುಸ್ತಕದಿಂದ ಎತ್ತಿದ್ದು ಒಂದು ಸಾಲೂ ಇಲ್ಲ. ನೀರುಗಂಟಿಗಳ ಬಗ್ಗೆ ನನಗೆ ಗೊತ್ತಿರಲಿಲ್ಲ, ಈಗ ಗೊತ್ತಾಯಿತು. ಇದು ಎಂ.ಎ. ಮಟ್ಟದ್ದಲ್ಲ, ಅದಕ್ಕಿಂತ ಮೇಲಿನದು."

ಜನ ಕಾದರು. ಮೇಷ್ಟ್ರು ಪುಟ ತಿರುಗಿಸಿದರು.

"ದೋಷಗಳು. ಇಲ್ಲ."

ಸಾಲಿನಲ್ಲಿ ಒಂದು ನಿಟ್ಟುಸಿರು ಎದ್ದಿತು. ಬೆಟ್ಟಮ್ಮ ಖಾಲಿ ಕ್ಯಾನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು.

"ಸರ್ಯಾಗ್ ನೋಡಿ ಸಾಮಿ" ಎಂದಳು ದ್ಯಾವಮ್ಮ, ತಡೆಯಲಾರದೆ. "ಹಿಂದ್ಗಡೆ ಏನಾರ ಬರ್ದಿರ್ಬೋದು. ಅಷ್ಟು ದೂರದಿಂದ ಬಂದಿದ್ದೀರಿ."

"ಹಿಂದೆ ಮುಂದಿನ ದಾರಿ ಇದೆಯಮ್ಮ" ಎಂದರು ಮೇಷ್ಟ್ರು. "ಒಂದು. ಮೂರನೇ ಅಧ್ಯಾಯದಲ್ಲಿ ಬರುವ ಗೋವಿಂದನಹಳ್ಳಿ ಹತ್ತಿರದ ನೀರುಗಂಟಿ ಮಂಚಯ್ಯನವರನ್ನು ಪ್ರಮೀಳಾ ಒಂದೇ ಸಲ ಮಾತಾಡಿಸಿದ್ದಾಳೆ. ಸಾಲದು. ಅವರಿಗೆ ವಯಸ್ಸಾಗಿದೆ. ತಡಮಾಡದೆ ಹೋಗಿ ಅವರಿಗೆ ಗೊತ್ತಿರುವುದನ್ನೆಲ್ಲ ಬರೆದುಕೊಳ್ಳಬೇಕು."

"ಯಾವ್ ಮಂಚಯ್ಯ?" ಎಂದಳು ಮಾರಮ್ಮ. "ನಮ್ ಚಿಕ್ಕಪ್ಪನಾ? ಅವನು ಸತ್ತು ಯಾವ್ ಕಾಲ ಆಯ್ತು ಸಾಮಿ! ಅವನ ಸಮಾದಿ ಮ್ಯಾಲೆ ಬೇವಿನ ಮರ ನಿಂತದೆ."

ಮೇಷ್ಟ್ರು ಕೆಂಪು ಪೆನ್ನು ತೆಗೆದು ಆ ಸಾಲನ್ನು ನೀಟಾಗಿ ಹೊಡೆದುಹಾಕಿದರು.

"ಎರಡು. ಕೆರೆಯ ಹಳೇ ಕಲ್ಲಿನ ತೂಬಿನ ಫೋಟೋ ಹಾಕಬೇಕು, ಅಳತೆ ತೆಗೆಯಬೇಕು."

"ತೂಬ್ನ ಜೆಸಿಬಿಲಿ ಕಿತ್ತಾಕಿ ರೋಡ್ ಮಾಡವ್ರೆ" ಎಂದ ಸಾಲಿನ ಹಿಂದಿನಿಂದ ಒಬ್ಬ.

ಮೇಷ್ಟ್ರು ಅದನ್ನೂ ಹೊಡೆದರು. ಕೆಂಪು ಶಾಯಿ ಹಳೇ ಕಾಗದದಲ್ಲಿ ಹರಡಿಕೊಂಡಿತು.

"ಮೂರು. ಈ ವರ್ಷವೇ ಸಲ್ಲಿಸಿ, ತಕ್ಷಣ ಪಿಎಚ್.ಡಿ.ಗೆ ಸೇರತಕ್ಕದ್ದು. ಮಾರ್ಗದರ್ಶನಕ್ಕೆ ನಾನೇ..." ಮೇಷ್ಟ್ರು ಓದುವುದನ್ನು ನಿಲ್ಲಿಸಿ, ತಾವು ಈಗ ಕಾಲೇಜಿನಲ್ಲಿಲ್ಲ ಎಂಬುದು ಆಗಷ್ಟೇ ನೆನಪಾದವರಂತೆ ಕನ್ನಡಕ ತೆಗೆದು ಒರೆಸಿ, ಮೂರನೆಯದನ್ನೂ ಹೊಡೆದರು. ಆಮೇಲೆ ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮುಂದೆ ಚಾಚಿದರು. "ತಗೋ ಅಮ್ಮ. ತುಂಬ ಚೆನ್ನಾಗಿದೆ."

ಪ್ರಮೀಳಾ ತೆಗೆದುಕೊಳ್ಳಲಿಲ್ಲ. ಕೆಟ್ಟದಾಗಿದೆ ಎಂಬ ಮಾತಿಗೆ ಅವಳು ಸಿದ್ಧಳಾಗಿದ್ದಳು. ಬೆಳಗಿನಿಂದ ಅದಕ್ಕೆ ಬೇಕಾದ ಉತ್ತರ, ನಗು, ತಲೆ ತಗ್ಗಿಸುವ ರೀತಿ ಎಲ್ಲವನ್ನೂ ಅಣಿಮಾಡಿಟ್ಟುಕೊಂಡಿದ್ದಳು. ಕೆಟ್ಟದ್ದೆಂಬ ಒಂದೇ ನಂಬಿಕೆಯ ಮೇಲೆ ಅವಳು ಮದುವೆಯಾಗಿದ್ದಳು, ಮಗಳನ್ನು ಗದರಿದ್ದಳು, ಊರಿನ ಹಾಲಿಗೆಲ್ಲ ನೀರೆಂದಿದ್ದಳು. ಅಡಿಪಾಯದ ಆ ಕಲ್ಲನ್ನೇ ಮೇಷ್ಟ್ರು ಈಗ ಕಿತ್ತುಹಾಕಿದ್ದರು, ಅದೂ ಹೊಗಳಿಕೆಯ ಮಾತಿನಲ್ಲಿ, ಊರೆದುರಿಗೆ.

"ಆಗ್ಲೇ ಯಾಕ್ ಸಾರ್ ಏಳ್ನಿಲ್ಲ?" ಎಂದಳು. ಕಾಲೇಜಿನಲ್ಲಿ ಕಲಿತ ಕನ್ನಡ ಎಲ್ಲಿ ಹೋಯಿತೋ. "ದಿನಾ ಬಂದು ನಿಂತ್ಕತಿದ್ನಲ್ಲ ಸಾರ್ ಬಾಗ್ಲಲ್ಲಿ. ಒಂದೇ ಒಂದು ಮಾತು, ಚೆನ್ನಾಗದೆ ಅಂತ. ಯಾಕ್ ಸಾರ್ ಏಳ್ನಿಲ್ಲ?"

ಯಾರೂ ನಗಲಿಲ್ಲ. ಆದರೆ ಸುಮ್ಮನಿರುವುದು ಸಾಲಿಗೆ ಅಭ್ಯಾಸವಿರಲಿಲ್ಲ.

"ಹೊಗಳುದ್ರೆ ಹುಡ್ಗಿ ತಲೆ ತಿರುಗ್ತದೆ ಅಂತ ಇರ್ಬೇಕು" ಎಂದಳು ಬೆಟ್ಟಮ್ಮ ತಗ್ಗಿದ ದನಿಯಲ್ಲಿ. "ದೊಡ್ಡೋರು ಅಂಗೇ ಕಣವ್ವ."

"ಮಾಗ್ಲಿ ಅಂತ ಬುಟ್ಟವ್ರೆ" ಎಂದಳು ಮಾರಮ್ಮ. "ತಿಳುದೋರು ಸುಮ್ ಸುಮ್ನೆ ತಡ ಮಾಡ್ತಾರಾ?"

"ನಮ್ಮನೆಗೆ ಸೊಸೆಯಾಗ್ ಬರ್ಲಿ ಅಂತ ದೇವ್ರೇ ಅವರ್ ಬಾಯ್ ಕಟ್ಟವ್ನೆ" ಎಂದು ದ್ಯಾವಮ್ಮ ಹಣೆ ಚಚ್ಚಿಕೊಂಡಳು.

ಪ್ರಮೀಳಾ ಅವರಾರ ಕಡೆಗೂ ತಿರುಗಲಿಲ್ಲ. ಮೇಷ್ಟ್ರ ಮುಖವನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಆ ಮೌನದ ಹಿಂದೆ ಏನೋ ಒಂದು ದೊಡ್ಡ ಕಾರಣವಿರಲೇಬೇಕೆಂದು, ಅದು ಎಷ್ಟೇ ಕ್ರೂರವಾಗಿರಲಿ ದೊಡ್ಡದಾಗಿಯಾದರೂ ಇರಲಿ ಎಂದು, ಕಣ್ಣು ಮಿಟುಕಿಸದೆ ಕಾದಳು.

ಮೇಷ್ಟ್ರು ಜನರನ್ನು ನೋಡಿದರು, ಅವಳನ್ನು ನೋಡಿದರು, ಮಂಕಿ ಟೋಪಿಯನ್ನು ಸ್ವಲ್ಪ ಮೇಲಕ್ಕೆ ಸರಿಸಿ ಹಣೆ ಕೆರೆದುಕೊಂಡರು.

"ಓದಿರಲಿಲ್ಲ ಕಣಮ್ಮ" ಎಂದರು. "ಮೊನ್ನೆ ಅಟ್ಟ ಗುಡಿಸುವಾಗ ಸಿಕ್ತು."